ಅವ್ವ ಮಣ್ಣು ಬೇಡ ಅಂದಳು

ನಮ್ಮ ಕಡೆ ಯಾರಾದರೂ ತೀರಿಕೊಂಡರೆ 'ಮಣ್ಣಿಗೆ ಹೋಗಬೇಕು' ಅನ್ನುತ್ತೇವೆ. ವಿಜಯಪುರ ಜಿಲ್ಲೆಯ ಲಿಂಗಾಯತ ಮನೆಯಲ್ಲಿ ಹುಟ್ಟಿದ ನನಗೆ ಸಾವು ಅಂದರೆ ಮಣ್ಣೇ. ದೇಹಕ್ಕೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿ, ರಾತ್ರಿಯಿಡೀ ಭಜನೆ ಮಾಡುತ್ತಾರೆ. ಆಮೇಲೆ ವಿಮಾನದಲ್ಲಿ, ಅಂದರೆ ಸಿಂಗರಿಸಿದ ಚಟ್ಟದಲ್ಲಿ, ಹೊತ್ತು ಹೊಲಕ್ಕೆ ಒಯ್ಯುತ್ತಾರೆ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂತ ಹಾಗೆಯೇ ಕುಣಿಗೆ ಇಳಿಸುತ್ತಾರೆ. ಅಪ್ಪನನ್ನು ಹಾಗೆ ಇಳಿಸಿದಾಗ ಅವನು ಪೂಜೆಗೆ ಕೂತಿದ್ದಾನೆ ಅಂತಲೇ ನನಗೆ ಅನಿಸಿತ್ತು. ಆಗ ನನಗೆ ಒಂಬತ್ತು ವರ್ಷ.

ಅದಕ್ಕೇ, 'ನನಗ ಕುಣಿ ತೋಡಬ್ಯಾಡ್ರಿ' ಅಂತ ಅವ್ವ ಅಂದಾಗ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಅದು 2023ರ ಜನವರಿ. 2ನೇ ತಾರೀಕು ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಲಿಂಗೈಕ್ಯರಾಗಿದ್ದರು. ಅಂಥ ದೊಡ್ಡವರಿಗೆ ಸಮಾಧಿಯ ಮೇಲೆ ಗದ್ದುಗೆ ಕಟ್ಟುವುದು ರೂಢಿ. ಆದರೆ ಅವರು 2014ರ ಗುರುಪೂರ್ಣಿಮೆಯಂದೇ ಬರೆದಿಟ್ಟಿದ್ದರು. ದೇಹವನ್ನು ಭೂಮಿಯಲ್ಲಿ ಇಡಬಾರದು, ಬೆಂಕಿಗೆ ಕೊಡಬೇಕು. ಬೂದಿ ನದಿಗೋ ಸಮುದ್ರಕ್ಕೋ ಸೇರಬೇಕು. ಶ್ರಾದ್ಧ ಬೇಡ, ಸ್ಮಾರಕವೂ ಬೇಡ. ಮರುದಿನ ಲಕ್ಷಾಂತರ ಜನರ ಎದುರು ಆಶ್ರಮದಲ್ಲೇ ಚಿತೆ ಉರಿಯಿತು. ಜೇಬಿಲ್ಲದ ಅಂಗಿ ತೊಟ್ಟು ಬದುಕಿದವರು, 2018ರಲ್ಲಿ ಪದ್ಮಶ್ರೀಯನ್ನೂ ಬೇಡ ಅಂದವರು. ನಮ್ಮ ಕಡೆ ಸ್ವಾಮೀಜಿಯವರನ್ನು 'ಅಪ್ಪಾರು' ಅನ್ನುತ್ತೇವೆ. ಅವ್ವ ಟಿವಿ ಮುಂದಿನಿಂದ ಏಳಲೇ ಇಲ್ಲ. 'ಅಪ್ಪಾರಿಗೇ ಬ್ಯಾಡಾದ ಜಾಗ ನನಗ್ಯಾಕಪಾ' ಅಂದಳು.

ಇನ್ನೊಂದು ಕಾರಣವೂ ಇತ್ತು. ಅಪ್ಪನನ್ನು ಇಟ್ಟ ಹೊಲವನ್ನು ಸಾಲ ತೀರಿಸಲು ಮಾರಿದ್ದೆವು. ಈಗ ಅಲ್ಲಿ ಬೇರೆಯವರ ದ್ರಾಕ್ಷಿ ಪಡ. ಅಪ್ಪನಿಗೆ ಒಂದು ಕಾಯಿ ಒಡೆಯಬೇಕಾದರೂ ಅವ್ವ ಅವರನ್ನು ಕೇಳಿ ಒಳಗೆ ಹೋಗಬೇಕಿತ್ತು. ಆ ನೋವನ್ನು ಅವಳು ನನ್ನ ಪಾಲಿಗೆ ಬಿಡಲು ಸಿದ್ಧಳಿರಲಿಲ್ಲ.

ಹೋದ ವರ್ಷ ಬೆಂಗಳೂರಿನ ನನ್ನ ಮನೆಯಲ್ಲೇ ಅವ್ವ ತೀರಿಕೊಂಡಳು. ಊರಿಂದ ದೊಡ್ಡಪ್ಪನ ಫೋನು: 'ಲಿಂಗ ಕಟ್ಟಿದ ದೇಹ ಸುಡತೀರೇನೋ?' ತನ್ನನ್ನು ಸುಡಬೇಕು ಅಂತ ಅವ್ವ ಬರೆಸಿ ಸಹಿ ಹಾಕಿದ್ದ ಹಾಳೆಯನ್ನು ಓದಿ ಹೇಳಿದೆ. ಆ ಒಂದು ಹಾಳೆ ಇಲ್ಲದಿದ್ದರೆ ಹೆಣದ ಮುಂದೆ ಜಗಳವೇ ಆಗುತ್ತಿತ್ತು. ಲಿಂಗ ಏನು ಮಾಡೋದು ಅಂತ ಅಯ್ಯನವರನ್ನು ಕೇಳಿದೆವು. ಪೂಜೆ ಮಾಡಿ ತೆಗೆದಿಡಿ, ಬೂದಿ ಜೊತೆ ಹೊಳೆಗೆ ಬಿಡಿ ಅಂದರು.

ವಿದ್ಯುತ್ ಚಿತಾಗಾರದ ಬಗ್ಗೆ ನನಗೂ ಭಯವಿತ್ತು. ಯಾರೂ ಬಿಡಿಸಿ ಹೇಳುವುದಿಲ್ಲ, ಅಲ್ವಾ? ಅಲ್ಲಿನವರು ಮೊದಲು ಕೇಳಿದ್ದು ಪೇಸ್‌ಮೇಕರ್ ಇದೆಯಾ ಅಂತ. ಅದರ ಬ್ಯಾಟರಿ ಬಿಸಿಗೆ ಸಿಡಿಯುತ್ತದೆ, ಮೊದಲೇ ತೆಗೆಸಿರಬೇಕು. ಅವ್ವನಿಗೆ ಇರಲಿಲ್ಲ. ಒಳಗೆ 800 ಡಿಗ್ರಿಗೂ ಜಾಸ್ತಿ ಶಾಖ. ಸೌದೆಯ ಚಿತೆಗಾದರೆ ಮುನ್ನೂರು, ನಾನೂರು ಕಿಲೋ ಕಟ್ಟಿಗೆ ಬೇಕು. ಇಲ್ಲಿ ಒಂದೆರಡು ಗಂಟೆಯಲ್ಲಿ ಮುಗಿಯಿತು. ಬೂದಿ ಅನ್ನುತ್ತೇವೆ, ನಿಜವಾಗಿ ಉಳಿಯುವುದು ಸುಟ್ಟ ಮೂಳೆ. ಎರಡು ಮೂರು ಕಿಲೋ ಅಷ್ಟೇ. ಮಡಕೆ ಇನ್ನೂ ಬೆಚ್ಚಗಿತ್ತು. ಎದೆಗೆ ಒತ್ತಿಕೊಂಡು ಕಾರಿನಲ್ಲಿ ಕೂತೆ.

ಎಲ್ಲರೂ ಸುಡಿ ಅಂತ ನಾನು ಹೇಳುತ್ತಿಲ್ಲ. ಮುಸ್ಲಿಮರಿಗೆ ಮಣ್ಣೇ ಧರ್ಮ, ಅದನ್ನು ಪ್ರಶ್ನಿಸುವ ಹಕ್ಕು ನನಗಿಲ್ಲ. ಕಥೋಲಿಕ್ ಚರ್ಚ್ 1963ರಲ್ಲೇ ಸುಡುವುದಕ್ಕೆ ಒಪ್ಪಿತು. ಆದರೆ ಬೂದಿಯನ್ನು ಚೆಲ್ಲಬಾರದು, ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ಹೇಳಿತು. ನನಗೆ ಸಿಟ್ಟು ಬರುವುದು ಒಂದಕ್ಕೇ. ಹೋದವರು ಏನು ಬಯಸಿದ್ದರು ಅಂತ ಕೇಳದೆ 'ನಮ್ಮಲ್ಲಿ ಹಿಂಗಿಲ್ಲ' ಅಂತ ಬಾಯಿ ಮುಚ್ಚಿಸುವುದಕ್ಕೆ. ಸುಟ್ಟರೆ ಮರ್ಯಾದೆ ಕಡಿಮೆ ಆಗುತ್ತದೆ ಅನ್ನುವ ಮಾತನ್ನು ಅವ್ವನ ಮಡಕೆ ಹಿಡಿದ ಮೇಲೆ ನಾನು ಒಪ್ಪಲಾರೆ.

ಬೂದಿ ಬಿಡಲು ಕೂಡಲಸಂಗಮಕ್ಕೆ ಹೋದೆವು. ಕೃಷ್ಣೆ, ಮಲಪ್ರಭೆ ಸೇರುವಲ್ಲಿ ದೊಡ್ಡಪ್ಪನೂ ಬಂದು ಮೊಣಕಾಲುದ್ದ ನೀರಲ್ಲಿ ನಿಂತರು. ಮಡಕೆಗೆ ತಾವೂ ಕೈ ಕೊಟ್ಟರು. ವಾಪಸ್ ಬರುವಾಗ ನನ್ನ ಭುಜ ಹಿಡಿದು, 'ನನಗ ಮಾತ್ರ ಮಣ್ಣೇ ಬೇಕು ನೋಡಪಾ, ನಿಮ್ಮಪ್ಪನ ಹಂಗ' ಅಂದರು.

'ಆಗಲಿ ದೊಡ್ಡಪ್ಪಾ, ಕುಣಿಗೆ ನಾನೇ ಇಳೀತೀನಿ. ನೀವೂ ಒಂದು ಹಾಳೆ ಬರೆದಿಡ್ರಿ' ಅಂದೆ.