ಮಿಲಿಟರಿ ಪ್ಯಾಂಟಿಗೆ ಮ್ಯಾಚಿಂಗ್ ಅಂಗಿ

ಮಿಲಿಟರಿ ಪ್ಯಾಂಟು ಹಾಕುವುದಕ್ಕೂ ಈಗ ಶಾಸ್ತ್ರ ಬಂದಿದೆ. ಮೊಬೈಲು ತೆರೆದರೆ ಸಾಕು, ಗಡ್ಡ ಟ್ರಿಮ್ ಮಾಡಿಕೊಂಡ ಯಾರೋ ಒಬ್ಬ ಗಂಭೀರವಾಗಿ ಪಾಠ ಶುರು ಮಾಡುತ್ತಾನೆ. ಪ್ಯಾಂಟಿನಲ್ಲಿ ಬಣ್ಣದ ಪಟ್ಟೆ ಇದ್ದರೆ ಅಂಗಿಯಲ್ಲಿ ಇರಬಾರದು. ಮೇಲೆ ಕಪ್ಪು, ಬಿಳಿ ಇಲ್ಲವೇ ಬೂದು ಬಣ್ಣದ ಸಾದಾ ಟೀ ಶರ್ಟು. ಮೈಮೇಲೆ ಒಂದೇ ಒಂದು ಮಿಲಿಟರಿ ಐಟಂ. ಪ್ಯಾಂಟು, ಜಾಕೆಟ್ಟು, ಟೊಪ್ಪಿ ಮೂರೂ ಹಾಕಿದರೆ ಫ್ಯಾಷನ್ ಹೋಗಿ ವೇಷ ಆಗುತ್ತದೆ. ಪಾದದ ಹತ್ತಿರ ಬರುವಾಗ ಪ್ಯಾಂಟು ಕಿರಿದಾಗಬೇಕು. ಕೆಳಗೆ ಬಿಳಿ ಸ್ನೀಕರ್. ಚಳಿ ಇದ್ದರೆ ಮೇಲೊಂದು ಡೆನಿಮ್ ಜಾಕೆಟ್ಟು.

ಮದುವೆ ಮಾಡಿಸುವ ಭಟ್ಟರೂ ಇಷ್ಟು ಖಡಕ್ಕಾಗಿ ಹೇಳುವುದಿಲ್ಲ. ಅಲ್ಲಿ "ನಿಮ್ಮ ಅನುಕೂಲ ನೋಡಿಕೊಂಡು ಮಾಡಿ" ಎಂಬ ರಿಯಾಯಿತಿಯಾದರೂ ಉಂಟು.

ನಮ್ಮ ಕಾಸರಗೋಡಿನ ಹುಡುಗರು ಈ ಪಾಠವನ್ನು ಚಾಚೂ ತಪ್ಪದೆ ಪಾಲಿಸುತ್ತಾರೆ, "ಚಳಿ ಇದ್ದರೆ" ಎಂಬ ಎರಡು ಶಬ್ದ ಬಿಟ್ಟು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಕುಂಬಳೆ ಪೇಟೆಯಲ್ಲಿ ಡೆನಿಮ್ ಜಾಕೆಟ್ಟು ಹಾಕಿ ನಿಂತವರನ್ನು ನೋಡಿದ್ದೇನೆ. ಬೆವರು ಗಲ್ಲದಿಂದ ಇಳಿದು ಸಾದಾ ಟೀ ಶರ್ಟಿನ ಮೇಲೆ ಬಿದ್ದು, ಅಂಗಿಯಲ್ಲಿಯೂ ಪಟ್ಟೆ ಮೂಡಿಸುತ್ತಿತ್ತು. ಶಾಸ್ತ್ರ ಅಲ್ಲಿಗೇ ಕೆಟ್ಟಿತು.

ಬಿಳಿ ಶೂವಿನ ಕಥೆ ಇನ್ನೂ ಕಷ್ಟದ್ದು. ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರ್ ಆಸುಪಾಸು ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಮಣ್ಣೋ, ಅಪ್ಪಟ ಕೆಂಪು. ಮನೆಯಿಂದ ಬಸ್‌ಸ್ಟಾಪಿಗೆ ಬರುವಷ್ಟರಲ್ಲಿ ಬಿಳಿ ಶೂ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ಆದ್ದರಿಂದ ಹುಡುಗರು ಶೂವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿಕೊಂಡು, ಪ್ಯಾಂಟನ್ನು ಮೊಣಕಾಲವರೆಗೆ ಮಡಚಿ, ಹವಾಯಿ ಚಪ್ಪಲಿಯಲ್ಲಿ ಬರುತ್ತಾರೆ. ಬಸ್ಸು ಬರುವ ಮೊದಲು ಅಂಗಡಿ ಜಗಲಿಯಲ್ಲಿ ಕೂತು ಕಾಲು ಒರೆಸಿ ಶೂ ಏರಿಸುತ್ತಾರೆ. ಚಪ್ಪಲಿ ತೊಟ್ಟೆಗೆ ಹೋಗುತ್ತದೆ. ತೊಟ್ಟೆ ಅಂಗಡಿಯವರ ಬೆಂಚಿನ ಅಡಿಗೆ. ಬೈಗುಳ ಸಂಜೆಗೆ.

ಚಪ್ಪಲಿ ಇಡಲಿಕ್ಕೆ ತೊಡೆಯ ಬದಿಯಲ್ಲಿ ಅಷ್ಟು ದೊಡ್ಡ ಕಿಸೆ ಉಂಟಲ್ಲ ಎಂದು ನೀವು ಕೇಳಬಹುದು. ಉಂಟು. ಆದರೆ ಕಿಸೆ ಉಬ್ಬಬಾರದು ಎಂದು ಶಾಸ್ತ್ರ. ಕಾರ್ಗೋ ಪ್ಯಾಂಟಿನ ಕಿಸೆಯಲ್ಲಿ ಏನನ್ನೂ ಇಡಬಾರದು, ಇಟ್ಟರೆ ನಡೆಯುವಾಗ ಶೇಪ್ ಹೋಗುತ್ತದೆ. ನಮ್ಮ ಕಡೆ ಈ ಪ್ಯಾಂಟಿಗೆ ಸಿಕ್ಸ್ ಪಾಕೆಟ್ ಅಂತಲೇ ಹೆಸರು. ಅದರ ಒಂದು ಕಿಸೆಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಬಸ್ ಟಿಕೆಟು. ನಾಲ್ಕು ಖಾಲಿ. ಫೋನು ಕೈಯಲ್ಲಿ.

ತೊಡೆಯ ಮೇಲೆ ಕಿಸೆ ಹೊಲಿದದ್ದು ಸುಮ್ನೆ ಅಲ್ಲ. 1938ರಲ್ಲಿ ಬ್ರಿಟಿಷ್ ಸೈನ್ಯ ಹೊಸ ಸಮವಸ್ತ್ರ ತಂದಾಗ ನಕ್ಷೆ ಇಟ್ಟುಕೊಳ್ಳಲಿಕ್ಕೆ ಎಡತೊಡೆಯ ಮೇಲೆ ಒಂದು ದೊಡ್ಡ ಕಿಸೆ ಕೊಟ್ಟಿತು. 1942ರಲ್ಲಿ ಅಮೆರಿಕದವರು ವಿಮಾನದಿಂದ ಹಾರುವ ಸೈನಿಕರಿಗೆ ಎರಡೂ ಕಡೆ ಕಿಸೆ ಹೊಲಿಸಿದರು. ಪ್ಯಾರಾಶೂಟು ಕಟ್ಟಿಕೊಂಡು ಶತ್ರುವಿನ ನೆಲದಲ್ಲಿ ಬೀಳುವವನಿಗೆ ಊಟ, ಮದ್ದುಗುಂಡು ಎಲ್ಲ ಮೈಮೇಲೇ ಇರಬೇಕಲ್ಲ. ನಮ್ಮವರು ಖಾಸಗಿ ಬಸ್ಸಿನ ಫುಟ್‌ಬೋರ್ಡಿನಿಂದ ಹಾರುವುದುಂಟು. ಅಷ್ಟಕ್ಕೆ ಇಷ್ಟು ಕಿಸೆ ಬೇಡ.

ಅಡಿಕೆ ಮಾರಲಿಕ್ಕೆ ಬರುವ ಅಜ್ಜಂದಿರನ್ನು ಗಮನಿಸಿ. ಮುಂಡಿನ ಸೊಂಟದ ಮಡಿಕೆಯೊಳಗೆ ಎಲೆ, ಸುಣ್ಣದ ಡಬ್ಬಿ, ಬೀಗದ ಕೈ, ರೇಷನ್ ಅಂಗಡಿಯ ಚೀಟಿ, ಐನೂರರ ನೋಟಿನ ಸುರುಳಿ ಎಲ್ಲ ಇರುತ್ತದೆ. ಯಾವುದೂ ಬೀಳುವುದಿಲ್ಲ, ಯಾವುದೂ ಉಬ್ಬುವುದಿಲ್ಲ. ಕಿಸೆ ಎಷ್ಟು? ಸೊನ್ನೆ.

ಇರಲಿ. ಕಿಸೆಗಿಂತ ದೊಡ್ಡ ವಿಷಯ ಬಣ್ಣದ್ದು. 1914ರಲ್ಲಿ ಫ್ರೆಂಚ್ ಸೈನಿಕರು ಕೆಂಪು ಪ್ಯಾಂಟು ಹಾಕಿಕೊಂಡೇ ಯುದ್ಧಕ್ಕೆ ಹೋದರು. ಹಸಿರು ಬಯಲಲ್ಲಿ ಕೆಂಪು ಪ್ಯಾಂಟು. ಗುರಿ ಇಡುವುದು ಜರ್ಮನಿಯವರಿಗೆ ಏನೂ ಕಷ್ಟವಾಗಲಿಲ್ಲ. ಬುದ್ಧಿ ಬಂದ ಮೇಲೆ, 1915ರಲ್ಲಿ, ಚಿತ್ರ ಬರೆಯುವವರನ್ನು ಸೈನ್ಯಕ್ಕೆ ಸೇರಿಸಿ ಪ್ರತ್ಯೇಕ ವಿಭಾಗವನ್ನೇ ಮಾಡಿದರು. ಫಿರಂಗಿಗೂ ಡೇರೆಗೂ ಮಣ್ಣಿನ ಬಣ್ಣ, ಎಲೆಯ ಬಣ್ಣ ಬಳಿಯುವುದು ಅವರ ಕೆಲಸ. ಅಲ್ಲಿಂದ ಶುರುವಾದದ್ದು ಈಗ ಎರಡು ತೆಗೆದರೆ ಒಂದು ಫ್ರೀ ಎಂಬ ಬೋರ್ಡಿನ ಅಡಿಯಲ್ಲಿ ನೇತಾಡುತ್ತಿದೆ.

ಸುತ್ತಮುತ್ತ ಯಾವ ಬಣ್ಣ ಉಂಟೋ ಅದೇ ಬಣ್ಣ ಬಟ್ಟೆಯಲ್ಲಿರಬೇಕು, ಇದು ಇದರ ಮೂಲಪಾಠ. ಎಲ್ಲ ಕಡೆಗೂ ಆಗುವ ಒಂದೇ ಬಟ್ಟೆ ಮಾಡುತ್ತೇವೆ ಎಂದು ಹೊರಟವರು ಏನಾದರು ಗೊತ್ತಾ? ಅಮೆರಿಕದ ಸೈನ್ಯ 2004ರಲ್ಲಿ ಬೂದು ಬಣ್ಣದ, ಚಿಕ್ಕ ಚಿಕ್ಕ ಚೌಕಗಳ ಸಮವಸ್ತ್ರ ತಂದಿತು. ಕಾಡಿಗೂ ಆಗಬೇಕು, ಮರುಭೂಮಿಗೂ ಆಗಬೇಕು, ಪೇಟೆಗೂ ಆಗಬೇಕು. ಕೊನೆಗೆ ಯಾವುದಕ್ಕೂ ಸರಿಯಾಗಿ ಆಗಲಿಲ್ಲ. ಅಫ್ಘಾನಿಸ್ತಾನಕ್ಕೆ ಹೋದ ಸೈನಿಕರಿಗೆ 2010ರಲ್ಲಿ ಬೇರೆ ವಿನ್ಯಾಸದ ಬಟ್ಟೆ ಕೊಡಬೇಕಾಯಿತು.

ಹಾಗಾದರೆ ಕಾಸರಗೋಡಿನಲ್ಲಿ ಈ ಹಸಿರು ಪ್ಯಾಂಟು ಎಲ್ಲಿ ಹೊಂದುತ್ತದೆ? ತಲಪಾಡಿಯಿಂದ ಚೆಂಗಳದವರೆಗೆ ಒಮ್ಮೆ ಹೋಗಿ ನೋಡಿ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆಗಲಿಕ್ಕೆ ಹೊರಟ ಮೇಲೆ ದಾರಿ ಬದಿಯ ಮರಗಳು ಹೋದವು. ಗುಡ್ಡ ಕಡಿದು ಕೆಂಪು ಗೋಡೆ ಆಯಿತು. ಅದರ ಮೇಲೆ ಸಿಮೆಂಟು ಬಂತು. ಆರು ಪಥದ ರಸ್ತೆ, ಅದರ ಬದಿಯಲ್ಲಿ ಆರು ಕಿಸೆಯ ಪ್ಯಾಂಟು. ಇಡೀ ಮೈಲಿನಲ್ಲಿ ಹಸಿರು ಅಂತ ಇರುವುದು ಆ ಪ್ಯಾಂಟು ಒಂದೇ. ಅರಣ್ಯ ಇಲಾಖೆಯವರು ಲೆಕ್ಕಕ್ಕೆ ತೆಗೆದುಕೊಂಡರೂ ಆಶ್ಚರ್ಯ ಇಲ್ಲ.

ನಮ್ಮ ಜಿಲ್ಲೆಗೆ ನಿಜವಾಗಿ ಹೊಂದುವ ಮಿಲಿಟರಿ ಪ್ಯಾಂಟು ಬೇಕಿದ್ದರೆ ಡಿಸೈನು ಬೇರೆಯೇ ಮಾಡಬೇಕು. ಅರ್ಧಕ್ಕರ್ಧ ಮುರಕಲ್ಲಿನ ಕೆಂಪು, ಗುಡ್ಡ ಕಡಿದ ಕಡೆ ನಿಂತರೆ ಗೊತ್ತಾಗಬಾರದು. (ಫ್ರೆಂಚರು 1914ರ ಪ್ಯಾಂಟನ್ನು ಇಲ್ಲಿಗೆ ಕಳಿಸಿದ್ದರೆ ಸರಿಹೋಗುತ್ತಿತ್ತು.) ಕಾಲು ಭಾಗ ಸಿಮೆಂಟಿನ ಬೂದು, ಹೆದ್ದಾರಿಯ ತಡೆಗೋಡೆಗೆ ಒರಗಿ ನಿಲ್ಲಲಿಕ್ಕೆ. ಉಳಿದ ಜಾಗದಲ್ಲಿ ಕೆಂಪು, ಹಸಿರು, ಕೇಸರಿ ಮೂರನ್ನೂ ಸಮನಾಗಿ ಚಿಮುಕಿಸಬೇಕು. ಚುನಾವಣೆ ಸಮಯದಲ್ಲಿ ಮೂರೂ ಕಡೆಯ ತೋರಣ ಕಟ್ಟಿದ ಜಂಕ್ಷನ್ನುಗಳನ್ನು ಯಾರ ಕಣ್ಣಿಗೂ ಬೀಳದೆ ದಾಟಬಹುದು. ರಶೀದಿ ಪುಸ್ತಕ ಹಿಡಿದು ಬರುವವರಿಂದ ತಪ್ಪಿಸಿಕೊಳ್ಳಲಿಕ್ಕೂ ಇಷ್ಟು ಒಳ್ಳೆಯ ಬಟ್ಟೆ ಬೇರೆ ಇಲ್ಲ.

ಅಡಿಕೆ ತೋಟ ಉಂಟಲ್ಲ, ಅದು ಹಸಿರೇ ಅಲ್ವಾ ಎಂದು ಯಾರಾದರೂ ವಾದಿಸಬಹುದು. ಹೌದು. ಆದರೆ ಮಿಲಿಟರಿ ಪ್ಯಾಂಟು ಹಾಕಿಕೊಂಡು ತೋಟಕ್ಕೆ ಇಳಿದವನನ್ನು ನಾನು ಕಂಡಿಲ್ಲ. ಅಷ್ಟು ದುಡ್ಡು ಕೊಟ್ಟ ಪ್ಯಾಂಟಿಗೆ ಅಡಿಕೆಯ ಚೊಗರು ತಾಗಿದರೆ ಮತ್ತೆ ಹೋಗಲಿಕ್ಕಿಲ್ಲ. ಕಾಡಿಗೆಂದೇ ಹುಟ್ಟಿದ ಬಟ್ಟೆಗೆ ಮರದ ಕಲೆ ಆಗಬಾರದು!

ತೋಟದಲ್ಲಿ ಕೆಲಸ ಮಾಡುವವರ ಹತ್ತಿರ ಅಸಲಿ ಮಾಲು ಉಂಟು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡುವವರ ಅಂಗಿಯನ್ನು ಹತ್ತಿರದಿಂದ ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದು ಬೋರ್ಡೋ ದ್ರಾವಣ. ಮರದ ತುದಿಯ ಗೊನೆಗೆ ಬಿಟ್ಟದ್ದರಲ್ಲಿ ಒಂದಷ್ಟು ಬಿಟ್ಟವರ ಮೈಮೇಲೇ ಇಳಿಯುತ್ತದೆ. ಹೆಗಲಲ್ಲಿ ತಿಳಿನೀಲಿ, ಬೆನ್ನಲ್ಲಿ ಸುಣ್ಣದ ಬಿಳಿ, ತೋಳಲ್ಲಿ ಚೊಗರಿನ ಕಂದು, ಅಂಚಿನಲ್ಲಿ ಪಾಚಿಯ ಹಸಿರು. ವರ್ಷ ವರ್ಷವೂ ಪದರದ ಮೇಲೆ ಪದರ ಕೂತು, ಯಾವ ಡಿಸೈನರನಿಗೂ ಸಾಧ್ಯವಾಗದ ಚಿತ್ತಾರ. ಆ ಮದ್ದೂ ಫ್ರಾನ್ಸಿನದ್ದೇ. 1880ರ ದಶಕದಲ್ಲಿ ಅಲ್ಲಿನ ದ್ರಾಕ್ಷಿ ಬೆಳೆಗಾರರು ದಾರಿಹೋಕರು ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಕಣ್ಣಿಗೆ ಹೊಡೆಯುವ ಹಾಗೆ ಮೈಲುತುತ್ತು, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ಬರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಕಾಣಲಿ ಎಂದು ಎರಚಿದ ಬಣ್ಣ ನಮ್ಮ ತೋಟದಲ್ಲಿ ಅಡಗಿ ಕೂತಿದೆ. ಕಾಣದಿರಲಿ ಎಂದು ಬಳಿದ ಬಣ್ಣ ಪೇಟೆಯಲ್ಲಿ ಸೆಲ್ಫಿ ತೆಗೆಯುತ್ತಿದೆ.

ಮದ್ದು ಬಿಡಲಿಕ್ಕೆ ಬಂದ ಅಣ್ಣನಿಗೆ, "ನಿಮ್ಮ ಅಂಗಿಯೇ ಈಗ ಫ್ಯಾಷನ್, ಗೊತ್ತುಂಟಾ?" ಎಂದೆ.

"ಹೌದಾ? ಹಾಗಾದ್ರೆ ಈ ಸಲ ಕೂಲಿ ನೂರು ಜಾಸ್ತಿ ಮಾಡಿ."

ಸೈನ್ಯದವರಿಗೂ ಈ ಫ್ಯಾಷನ್ನಿನಿಂದ ತಲೆಬಿಸಿ ಆಗಿದೆ. ಹಿಂದಿನ ಸಮವಸ್ತ್ರದ ಬಟ್ಟೆ ಪೇಟೆಯಲ್ಲಿ ಯಾರು ಕೇಳಿದರೂ ಸಿಗುತ್ತಿತ್ತು. 2022ರ ಜನವರಿ 15ರಂದು, ಸೇನಾ ದಿನಕ್ಕೆ, ಭಾರತೀಯ ಸೇನೆ ಹೊಸ ವಿನ್ಯಾಸ ತೋರಿಸಿತು. ಅದು ಪೇಟೆಯಲ್ಲಿ ಮಾರಲಿಕ್ಕೆ ಇಲ್ಲ, ವಿನ್ಯಾಸದ ಹಕ್ಕನ್ನೂ ನೋಂದಾಯಿಸಿ ಇಟ್ಟಿದ್ದಾರೆ. ಆ ವಿನ್ಯಾಸ ಮಾಡಲಿಕ್ಕೆ ಸೇನೆ ಹೋದದ್ದು ಯಾರ ಹತ್ತಿರ? ನಿಫ್ಟ್ ಎಂಬ ಫ್ಯಾಷನ್ ಸಂಸ್ಥೆಯ ಹತ್ತಿರ. ಫ್ಯಾಷನ್‌ನವರು ಸೈನ್ಯದ ಬಟ್ಟೆಯ ಹಿಂದೆ, ಸೈನ್ಯದವರು ಫ್ಯಾಷನ್‌ನವರ ಮನೆ ಬಾಗಿಲಲ್ಲಿ.

ಕಾನೂನೂ ಉಂಟು. ಸೈನಿಕ ಅಲ್ಲದವನು, ಜನ ತನ್ನನ್ನು ಸೈನಿಕ ಎಂದು ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪು ಹಾಕಿದರೆ ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಂ ಪ್ರಕಾರ ಮೂರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಹುಡುಗರಿಗೆ ಇದರ ಹೆದರಿಕೆ ಬೇಡ. ಕಿವಿಯಲ್ಲಿ ಇಯರ್‌ಬಡ್, ಕಾಲಲ್ಲಿ ಬಿಳಿ ಶೂ, ಕೈಯಲ್ಲಿ ಪಫ್ಸ್ ಹಿಡಿದವನನ್ನು ನೋಡಿ ಸೈನಿಕ ಎಂದು ನಂಬುವ ಮನುಷ್ಯ ಈ ಜಿಲ್ಲೆಯಲ್ಲಿ ಹುಟ್ಟಿಲ್ಲ. ಕೆರಿಬಿಯನ್ ಕಡೆಯ ಬಾರ್ಬಡೋಸ್ ದೇಶದಲ್ಲಾದರೆ ಪ್ರವಾಸಿಗರು ಕೂಡ ಈ ಪ್ಯಾಂಟು ಹಾಕುವಂತಿಲ್ಲ. ಕ್ರಿಕೆಟ್ ನೋಡಲಿಕ್ಕೆ ಹೋಗುವವರು ಲುಂಗಿ ತೆಗೆದುಕೊಂಡು ಹೋಗುವುದು ಕ್ಷೇಮ.

ಆಗಸ್ಟ್ 15 ಬಂದರೆ ಮಾತ್ರ ಯಾವ ಶಾಸ್ತ್ರವೂ ಇಲ್ಲ. ಕ್ಲಬ್ಬಿನ ಮೆರವಣಿಗೆಯಲ್ಲಿ ಪ್ಯಾಂಟು, ಅಂಗಿ, ಟೊಪ್ಪಿ, ಮುಖಕ್ಕೆ ಕಟ್ಟಿದ ಕರವಸ್ತ್ರ ಎಲ್ಲ ಮಿಲಿಟರಿ. ನಮ್ಮೂರಲ್ಲಿ ಸೈನ್ಯದಿಂದ ನಿವೃತ್ತರಾದ ಸುಬೇದಾರರೊಬ್ಬರಿದ್ದಾರೆ. ಧ್ವಜ ಹಾರಿಸಲಿಕ್ಕೆ ಅವರನ್ನೇ ಕರೆಯುವುದು. ಅವರು ಬರುವುದು ಬಿಳಿ ಮುಂಡು, ಬಿಳಿ ಅಂಗಿಯಲ್ಲಿ. ಇಡೀ ಗುಂಪಿನಲ್ಲಿ ಸೈನಿಕನ ಹಾಗೆ ಕಾಣದಿರುವವರು ಅವರೊಬ್ಬರೇ. "ನೀವೂ ಒಂದು ಮಿಲಿಟರಿ ಟೊಪ್ಪಿ ಹಾಕಿ ಮಾವ, ಫೋಟೋಕ್ಕೆ ಚಂದ ಬರ್ತದೆ" ಎಂದು ಹುಡುಗರು ಒತ್ತಾಯ ಮಾಡಿದರು.

"ಸರ್ಕಾರ ಸಂಬಳ ಕೊಟ್ಟು ಹಾಕಿಸಿದ್ದು. ಪುಕ್ಕಟೆ ಹಾಕ್ಲಿಕ್ಕೆ ನನಗೆಂತ ಮರ್ಲಾ?" ಎಂದರು.

ನನಗೆ ಒಂದೇ ಬೇಜಾರು. ಕಾಣದ ಹಾಗೆ ಇರುವ ವಿದ್ಯೆ ಕಲಿಯಲಿಕ್ಕೆ ಕಾಸರಗೋಡಿನ ಕನ್ನಡದವರು ದುಡ್ಡು ಕೊಟ್ಟು ಪ್ಯಾಂಟು ತೆಗೆಯಬೇಕಾ? ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ನಮಗೆ ಅದೇ ಅಭ್ಯಾಸ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತುಳು, ಆಫೀಸಿನ ಮೆಟ್ಟಿಲು ಹತ್ತಿದ ಕೂಡಲೇ ಮಲಯಾಳ. ಹೋದ ಕಡೆಯ ಬಣ್ಣ ನಮ್ಮ ನಾಲಗೆಗೆ. ಚಂದ್ರಗಿರಿ ಹೊಳೆಯಿಂದ ಬಡಗಿನ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಬರೆಯಿತು. ಯಾವ ಸೈನ್ಯದ ಯಾವ ಫಿರಂಗಿಯೂ ಆ ವರದಿಯಷ್ಟು ಚೆನ್ನಾಗಿ ಅಡಗಿಲ್ಲ.

ಈಚೆಗೆ ಒಂದು ಆಫೀಸಿನಲ್ಲಿ ಕೂತಿದ್ದೆ. ಯಾವ ಆಫೀಸು ಎಂಬುದು ಬೇಡ. ನನ್ನ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ, ಶಾಸ್ತ್ರೋಕ್ತ ಮಿಲಿಟರಿ ಪ್ಯಾಂಟು, ಕಪ್ಪು ಟೀ ಶರ್ಟು. ಆದಾಯ ಸರ್ಟಿಫಿಕೇಟಿಗೆ ಬಂದವನು. ಅರ್ಜಿ ಮಲಯಾಳದಲ್ಲಿ. ಕೌಂಟರಿನ ಗುಮಾಸ್ತ ಮಲಯಾಳದಲ್ಲಿ ಕೇಳುತ್ತಾನೆ, ಹುಡುಗ ಮಲಯಾಳದಲ್ಲಿ ಹೇಳುತ್ತಾನೆ. ಇಬ್ಬರದ್ದೂ ಸ್ವಲ್ಪ ಕುಂಟುತ್ತದೆ. ಕ್ರಿಯಾಪದ ಬರುವಲ್ಲಿ ಇಬ್ಬರೂ ಒಮ್ಮೆ ಕೆಮ್ಮುತ್ತಾರೆ. ಅಷ್ಟರಲ್ಲಿ ಹುಡುಗನ ಕೈಯ ಫೋನು ಹೊಡೆದುಕೊಂಡಿತು.

"ಅಮ್ಮಾ, ಆಫೀಸಲ್ಲಿದ್ದೇನೆ. ದನಕ್ಕೆ ಹಿಂಡಿ ಬರುವಾಗ ತರ್ತೇನೆ. ಇಡು ಈಗ."

ಗುಮಾಸ್ತ ಕನ್ನಡಕ ಕೆಳಗೆ ಇಳಿಸಿ ಅವನನ್ನು ಮೊದಲ ಸಲ ಸರಿಯಾಗಿ ನೋಡಿದ.

"ನೀನು ಎಲ್ಲಿಯವ ಮಾರಾಯ?"

"ಪೆರ್ಲದ ಹತ್ರ. ನೀವು?"

"ನಾನು ನೀರ್ಚಾಲು." ಕೌಂಟರಿನ ಮೇಲಿಂದ ಬಗ್ಗಿ ಕೆಳಗೆ ನೋಡಿದ. "ಪ್ಯಾಂಟು ಒಳ್ಳೆದುಂಟು. ಎಲ್ಲಿಂದ ತೆಗೆದದ್ದು?"

"ಮಂಗಳೂರಿಂದ. ಸ್ಟ್ರೆಚ್ ಬಟ್ಟೆ ಅಣ್ಣಾ."

"ನನ್ನ ಮಗನಿಗೂ ಇಂಥದ್ದೇ ಬೇಕಂತೆ. ಎಷ್ಟಾಯ್ತು?"

ಹುಡುಗ ರೇಟು ಹೇಳಿದ. ಗುಮಾಸ್ತ ಬಾಯಲ್ಲಿ ಚ್ಚು ಎಂದ. ಒಳಗಿನ ಕೋಣೆಯ ಬಾಗಿಲು ತೆರೆದು ದೊಡ್ಡ ಆಫೀಸರು ಹೊರಗೆ ಬಂದರು. ಗುಮಾಸ್ತ ಕನ್ನಡಕ ಮೇಲಕ್ಕೆ ಸರಿಸಿ, ಅರ್ಜಿಯನ್ನು ಎಳೆದುಕೊಂಡು, ಹುಡುಗನ ಮುಖ ನೋಡದೆ ಗಟ್ಟಿಯಾಗಿ ಕೇಳಿದ:

"ಫೋಟೋ ಎವಿಡೆ?"