ಪ್ಲಾಸ್ಟಿಕ್ ಮುಕ್ತ ಬಡಾವಣೆಗೆ ಸ್ವಾಗತ ಕೋರುವವರು

ದಾವಣಗೆರೆಯಲ್ಲಿ ಯಾವ ಒಳ್ಳೆ ಕೆಲಸವೂ ಫ್ಲೆಕ್ಸ್ ಇಲ್ಲದೆ ಶುರುವಾಗುವುದಿಲ್ಲ. ಹುಟ್ಟುಹಬ್ಬಕ್ಕೆ ಫ್ಲೆಕ್ಸ್, ಗೃಹಪ್ರವೇಶಕ್ಕೆ ಫ್ಲೆಕ್ಸ್, ಸತ್ತರೆ ಭಾವಪೂರ್ಣ ಶ್ರದ್ಧಾಂಜಲಿಯ ಫ್ಲೆಕ್ಸ್. ಹಾಗಿರುವಾಗ ಪ್ಲಾಸ್ಟಿಕ್ ವಿರೋಧಿ ಜಾಥಾ ಏನು ಪಾಪ ಮಾಡಿತ್ತು? ನಮ್ಮ ಬಡಾವಣೆಗೆ ತಿರುಗುವ ರಸ್ತೆಗೆ ಅಡ್ಡಲಾಗಿ ಒಂದು ಫ್ಲೆಕ್ಸ್ ಎದ್ದಿತು. ಮೇಲೆ ಗಣ್ಯರ ಸಾಲು. ನಡುವೆ ಸಮಿತಿಯ ಅಧ್ಯಕ್ಷರು ಕೈ ಮುಗಿದು ನಿಂತಿದ್ದಾರೆ. ಅಂಚಿನಲ್ಲಿ ಪಾಸ್‌ಪೋರ್ಟ್ ಅಳತೆಯ ಯುವ ಮುಖಂಡರು. ಎಲ್ಲರಿಗೂ ಜಾಗ ಕೊಟ್ಟು ಉಳಿದ ಮೂಲೆಯಲ್ಲಿ, ಕರೆಂಟ್ ಕಂಬದ ಮರೆಗೆ, ‘ಪ್ಲಾಸ್ಟಿಕ್ ತ್ಯಜಿಸಿ’.

ಫ್ಲೆಕ್ಸ್ ಅಂದರೆ ಪಿವಿಸಿ, ಪಿವಿಸಿ ಅಂದರೆ ಪ್ಲಾಸ್ಟಿಕ್ ಅಲ್ವಾ ಎಂದು ಅಧ್ಯಕ್ಷರನ್ನು ಕೇಳಿದೆ. ಅವರು ಕಾನೂನು ಓದಿಕೊಂಡ ಮನುಷ್ಯ. “ನಮ್ಮ ರಾಜ್ಯದಲ್ಲಿ 2016ರಿಂದಲೇ ಫ್ಲೆಕ್ಸ್ ಬ್ಯಾನ್ ಐತಿ, ನಂಗೇನು ಗೊತ್ತಿಲ್ವೇನ್ರೀ? ಆದ್ರೆ ಕೇಂದ್ರದ್ದು ನೋಡ್ರಿ, 2022ರ ಜುಲೈ 1ರ ಪಟ್ಟಿ. 100 ಮೈಕ್ರಾನ್‌ಗಿಂತ ತೆಳ್ಳಗಿರೋ ಬ್ಯಾನರ್‌ಗೆ ಮಾತ್ರ ನಿಷೇಧ. ನಮ್ದು ದಪ್ಪಂದು!” ಅಂದರು. ಕಡಿಮೆ ಪ್ಲಾಸ್ಟಿಕ್ ಬಳಸಿದವನು ಕಳ್ಳ, ಜಾಸ್ತಿ ಬಳಸಿದವನು ಸಜ್ಜನ. ನಾನು ಸುಮ್ಮನಾದೆ. ಅದೇ ಪಟ್ಟಿಯಲ್ಲಿ ಆಹ್ವಾನ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯೂ ಇದೆ. ಅವರು ನನ್ನ ಕೈಗಿಟ್ಟ ಜಾಥಾದ ಆಹ್ವಾನ ಪತ್ರಿಕೆ ಗರಿಗರಿ ಹಾಳೆಯೊಳಗೆ ಮಿನುಗುತ್ತಿತ್ತು.

ಮಿಲಿಮೀಟರಿನ ಸಾವಿರದ ಒಂದು ಪಾಲನ್ನು ಅಳೆಯುವ ಈ ಮೈಕ್ರಾನ್ ಶಾಸ್ತ್ರ ನಮ್ಮ ಪಂಚಾಂಗಕ್ಕಿಂತ ಕಷ್ಟ. ಕೇಂದ್ರದ ನಿಯಮದಲ್ಲಿ ಕೈಚೀಲ 2016ರಲ್ಲಿ 50 ಮೈಕ್ರಾನ್ ಇದ್ದರೆ ಸಾಕಿತ್ತು. 2021ರ ಸೆಪ್ಟೆಂಬರ್ ಕೊನೆಗೆ 75 ಆಯಿತು. 2022ರ ಡಿಸೆಂಬರ್ ಕೊನೆಗೆ 120. ದಪ್ಪ ಇದ್ದರೆ ಜನ ಮತ್ತೆ ಬಳಸುತ್ತಾರೆ, ಆಯುವವರಿಗೂ ತೂಕ ಸಿಗುತ್ತದೆ ಎಂಬ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ರಾಜ್ಯದ ಆದೇಶದ ಪ್ರಕಾರ ಎಷ್ಟು ದಪ್ಪದ ಕೈಚೀಲವೂ ಬೇಡ. ಈ ಎರಡನ್ನೂ ದುಗ್ಗಮ್ಮನ ಗುಡಿ ಹತ್ತಿರ ಹೂವು ಮಾರುವ ಅಜ್ಜಿ ಬಾಯಿಪಾಠ ಮಾಡಿರಬೇಕು. ತಪಾಸಣೆಯವರು ಬಂದರೆ ಅಜ್ಜಿ ಕವರ್ ಕಟ್ಟನ್ನು ಮಲ್ಲಿಗೆ ಬುಟ್ಟಿಯ ತಳಕ್ಕೆ ತುರುಕಿ, “ಇಲ್ರೀ ಯಪ್ಪಾ, ಎಲ್ಲೈತ್ರೀ ಪ್ಲಾಸ್ಟಿಕ್ಕು” ಅನ್ನುತ್ತಾಳೆ. ಸಿಕ್ಕಿಬಿದ್ದರೆ ದಂಡ ಅವಳಿಗೆ.

ಪಕ್ಕದ ಅಂಗಡಿಯಲ್ಲಿ ಚಿಪ್ಸ್ ಪ್ಯಾಕೆಟ್‌ಗಳು ತೋರಣದ ಹಾಗೆ ನೇತಾಡುತ್ತಿರುತ್ತವೆ. ಅವನ್ನು ಕಣ್ಣೆತ್ತಿ ನೋಡುವವರಿಲ್ಲ. ಆ ಪ್ಯಾಕೆಟ್ಟು ಪದರದ ಮೇಲೆ ಪದರ, ನಡುವೆ ಬೆಳ್ಳಿ ಬಣ್ಣದ ಲೇಪ. ಬಿಡಿಸಿ ಬೇರೆ ಮಾಡೋಕೆ ಆಗಲ್ಲ. ಹಾಗಾಗಿ ಗುಜರಿಯವರೂ ಮುಟ್ಟಲ್ಲ. ಮರುಬಳಕೆ ಆಗದ ಇಂಥವನ್ನು 2 ವರ್ಷದಲ್ಲಿ ನಿಲ್ಲಿಸಬೇಕು ಎಂದು ಕೇಂದ್ರದ 2016ರ ನಿಯಮ ಹೇಳಿತ್ತು. 2 ವರ್ಷ ಕಳೆಯಿತು. 2018ರಲ್ಲಿ ನಿಯಮವನ್ನೇ ತಿದ್ದಿದರು. ಸುಟ್ಟು ಶಕ್ತಿ ಪಡೆಯೋಕಾದರೆ, ಇಲ್ಲವೇ ಬೇರೇನಾದರೂ ಉಪಯೋಗ ಇದ್ದರೆ ಪರವಾಗಿಲ್ಲ ಎಂದಾಯಿತು. ಇಂಥ ತಿದ್ದುಪಡಿ ಹೂವಿನ ಅಜ್ಜಿಗೆ ಸಿಗುವುದಿಲ್ಲ ನೋಡಿ.

ಇನ್ನು ಜಾಥಾ. ಶಾಲೆ ಮಕ್ಕಳು ಬಿಸಿಲಲ್ಲಿ ಘೋಷಣೆ ಕೂಗುತ್ತಾ ಬಂದು ಶಾಮಿಯಾನದ ಕೆಳಗೆ ಕುಳಿತರು. ಗಣ್ಯರು ತಡವಾಗಿ ಬಂದರು. ಅವರಿಗೆ ಕೊಟ್ಟ ಹೂಗುಚ್ಛದಲ್ಲಿ ಹೂವಿಗಿಂತ ಹಾಳೆಯ ಸದ್ದೇ ಜಾಸ್ತಿ. ವೇದಿಕೆಯ ಮೇಜಿನ ತುಂಬಾ ಪುಟ್ಟ ನೀರಿನ ಬಾಟಲಿಗಳು. ಮುಖ್ಯ ಅತಿಥಿ ಒಂದನ್ನು ಬಿಚ್ಚಿ, ಒಂದು ಗುಟುಕು ಕುಡಿದು, ಭಾಷಣಕ್ಕೆ ಎದ್ದರು. ಹಿಂದಿರುಗಿ ನೋಡಿದರೆ ಮೂರು ಬಾಟಲಿ ಒಂದೇ ಮಟ್ಟಕ್ಕೆ ಇಳಿದು ಸಾಲಾಗಿ ನಿಂತಿವೆ. ತನ್ನದು ಯಾವುದು? ಹೊಸದೊಂದನ್ನು ಬಿಚ್ಚಿದರು. ಆಮೇಲೆ ಪ್ರತಿಜ್ಞೆ. ಎಲ್ಲರೂ ಬಲಗೈ ಮುಂದೆ ಚಾಚಬೇಕಿತ್ತು. ಬಾಟಲಿ ಎಡಗೈಗೆ ಹೋಯಿತು.

ಮಹಿಳೆಯರಿಗೆಲ್ಲ ಬಟ್ಟೆ ಚೀಲ ಹಂಚಿದರು. ಕೊಳೆಯಾಗಬಾರದು ಅಂತ ಒಂದೊಂದು ಚೀಲವನ್ನೂ ಪಾರದರ್ಶಕ ಕವರ್‌ನಲ್ಲಿ ಹಾಕಿದ್ದರು. ಉಪಾಹಾರಕ್ಕೆ ಖಾರ ಮಂಡಕ್ಕಿ, ಮಿರ್ಚಿ. ನ್ಯೂಸ್‌ಪೇಪರ್ ಚೂರಿನ ಮೇಲೆ ಮಂಡಕ್ಕಿ ಸುರಿದುಕೊಂಡು ತಿಂದು ಬೆಳೆದ ಊರು ಇದು. ಅವತ್ತು ಮಾತ್ರ ಹೊಳೆಯುವ ಪದರ ಅಂಟಿಸಿದ ತಟ್ಟೆ ಬಂತು, ಗಣ್ಯರಿದ್ದಾರಲ್ಲ.

ಹಾಗಂತ ಮರುಬಳಕೆ ಆಗಲೇ ಇಲ್ಲ ಎನ್ನುವಂತಿಲ್ಲ. ಮರುದಿನವೇ ಫ್ಲೆಕ್ಸ್ ಮಾಯವಾಗಿತ್ತು. ಹಿಂದಿನ ಬೀದಿಯ ಎಮ್ಮೆ ಕೊಟ್ಟಿಗೆ ಸೋರುತ್ತಿತ್ತಲ್ಲ, ಅಧ್ಯಕ್ಷರು ಈಗ ಅದರ ಮೇಲೆ ಕೈ ಮುಗಿದುಕೊಂಡು ಮಲಗಿದ್ದಾರೆ. ಅವರ ಸಾರ್ವಜನಿಕ ಜೀವನದಲ್ಲೇ ಇಷ್ಟು ಉಪಯೋಗಕ್ಕೆ ಬಂದಿದ್ದು ಇದೇ ಮೊದಲು ಅಂತ ಎಮ್ಮೆ ಮಾಲೀಕನ ಅಭಿಪ್ರಾಯ.

ವೇದಿಕೆಯವರನ್ನು ಬೈದು ನಾವು ಪಾರಾಗುವಂತೆಯೂ ಇಲ್ಲ. ಬೀದಿಗೆ ಕಸದ ಗಾಡಿ ಬಂದಾಗ ನೋಡಬೇಕು. ಹಸಿ ಕಸ ಬೇರೆ ಮಾಡಿದ್ದೀವಿ ಎಂದು ಎಲ್ಲರೂ ಹೆಮ್ಮೆಯಿಂದ ಬರುತ್ತಾರೆ. ಬೇರೆ ಮಾಡಿ, ಪ್ಲಾಸ್ಟಿಕ್ ಕವರ್‌ಗೆ ತುಂಬಿ, ಬಾಯಿಗೆ ಎರಡು ಗಂಟು ಹಾಕಿ ತಂದಿರುತ್ತಾರೆ. ಪೌರಕಾರ್ಮಿಕ ಹೆಂಗಸು ಆ ಗಂಟು ಹರಿದು, ಅನ್ನ ಸಾರು ಹಸಿರು ಡಬ್ಬಕ್ಕೆ ಸುರಿದು, ಜಿಡ್ಡು ಮೆತ್ತಿದ ಕವರನ್ನು ನೀಲಿ ಡಬ್ಬಕ್ಕೆ ಎಸೆಯುತ್ತಾಳೆ. ಬೆಣ್ಣೆ ದೋಸೆ ಪಾರ್ಸೆಲ್‌ನ ಚಟ್ನಿ ಕವರ್ ಬಿಚ್ಚಿದಾಗ ಅವಳ ಮುಂಗೈವರೆಗೂ ಚಟ್ನಿ. “ಅಕ್ಕಾರೆ, ಬಕೆಟ್‌ನಾಗ ಸುರೀರಿ, ಕಟ್ಟಬ್ಯಾಡ್ರಿ” ಅಂತ ದಿನಾ ಹೇಳುತ್ತಾಳೆ. ಬಕೆಟ್ ಗಲೀಜಾಗುತ್ತೆ ಅಂತ ನಮ್ಮವರ ಉತ್ತರ.

ಜಾಥಾದ ದಿನ ಶಾಮಿಯಾನ ಬಿಚ್ಚುವ ಹೊತ್ತಿಗೆ ನಮ್ಮ ಬೀದಿಯ ಗುಜರಿಯವನು ಸೈಕಲ್ಲಿಗೆ ಗೋಣಿಚೀಲ ಕಟ್ಟಿಕೊಂಡು ಬಂದ. ಅರ್ಧ ಕುಡಿದ ನೀರನ್ನು ಬೇವಿನ ಗಿಡದ ಬುಡಕ್ಕೆ ಸುರಿದ. ಬಾಟಲಿಯನ್ನು ಕಾಲಲ್ಲಿ ಅಪ್ಪಚ್ಚಿ ಮಾಡಿದ. ಮುಚ್ಚಳಗಳನ್ನು ಬೇರೆ ಚೀಲಕ್ಕೆ ಹಾಕಿದ, ಅದು ಬೇರೆ ಜಾತಿ ಪ್ಲಾಸ್ಟಿಕ್ಕು. ಹೊಳೆಯುವ ತಟ್ಟೆಗಳನ್ನು ಮುಟ್ಟಲಿಲ್ಲ. ಮೈಕ್ರಾನ್ ಅಳೆಯುವ ಯಂತ್ರ ಅವನ ಹತ್ತಿರ ಇಲ್ಲ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡುತ್ತಾನೆ ಅಷ್ಟೆ. ಇಡೀ ಬಡಾವಣೆಯಲ್ಲಿ ಪ್ಲಾಸ್ಟಿಕ್ಕಿಗೆ ಒಂದು ದಾರಿ ತೋರಿಸುವವನು ಅವನೊಬ್ಬನೇ ಎಂದು ಸಮಿತಿಗೆ ಹೇಗೋ ಹೊಳೆಯಿತು. ತಕ್ಷಣ ನಿರ್ಣಯವಾಯಿತು: ಅವನಿಗೆ ಶಾಲು, ಹಾರ, ಅದ್ದೂರಿ ಸನ್ಮಾನ. ಹೊಸ ಫ್ಲೆಕ್ಸ್‌ಗೆ ಆರ್ಡರ್ ಹೋಯಿತು.

ಅಧ್ಯಕ್ಷರೇ ಅವನ ಗುಡಿಸಲಿಗೆ ಹೋಗಿ ಭಾನುವಾರ ಬೆಳಗ್ಗೆ ಬರಬೇಕು ಎಂದು ಕರೆದರು. ಅವನು ತಲೆ ಕೆರೆದುಕೊಂಡು, “ಬೆಳಗ್ಗೆ ಬ್ಯಾಡ್ರೀ ಸರ. ಕಾರ್ಯಕ್ರಮ ಮುಗಿದ್ ಮ್ಯಾಗ ಬರ್ತೀನಿ. ಎಷ್ಟು ಮಂದಿ ಸೇರ್ತಾರ ಹೇಳ್ರಿ, ಅಷ್ಟು ಚೀಲ ತರ್ತೀನಿ” ಅಂದ.