ಸಿಸ್ಟಮ್ ಸ್ಲೋ ಐತೆ ಸಾರ್

ಮದುವೆ ಸೀಸನ್ನಿನಲ್ಲಿ ದಾವಣಗೆರೆಯ ಯಾವ ಡಿಟಿಪಿ ಅಂಗಡಿಗೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ. ಕೌಂಟರಿನಾಚೆ ಗಂಡಿನ ಕಡೆಯವರು ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಬಿಟ್ಟುಹೋಗಿದೆಯೆಂದು ಮುಖ ಊದಿಸಿಕೊಂಡು ನಿಂತಿರುತ್ತಾರೆ. ಈಚೆ ಪರದೆಯ ನಡುವೆ ನೀಲಿ ಉಂಗುರ ಸುತ್ತುತ್ತಿರುತ್ತದೆ. ಆಪರೇಟರ್ ಮೌಸನ್ನು ಟಕಟಕ ಒತ್ತುತ್ತಾನೆ, ಒತ್ತಿದಷ್ಟೂ ಅದಕ್ಕೆ ಸುತ್ತುವ ಹುರುಪು. ಗಲ್ಲಾದ ಹಿಂದಿನಿಂದ ಮಾಲೀಕರು 'ಹೊಸದಕ್ಕೆ ಎಷ್ಟಾಗ್ತದಪ್ಪಾ?' ಅನ್ನುತ್ತಾರೆ. ನೆಟ್ಟಗೆ ಉತ್ತರ ಕೊಡುವವರು ಊರಲ್ಲಿ ಯಾರೂ ಇಲ್ಲ. ಮಾರುವವನು ಕೊಳ್ಳಿ ಅನ್ನುತ್ತಾನೆ, ರಿಪೇರಿಯವನು ಫಾರ್ಮ್ಯಾಟ್ ಹೊಡೆಯೋಣ ಅನ್ನುತ್ತಾನೆ.

ಕಾಗದದ ಮೇಲಿನ ಲೆಕ್ಕವೇನೋ ಸುಲಭ. ಆಪರೇಟರ್ ಸಂಬಳ 15,000, ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ ಎಂದಿಟ್ಟುಕೊಂಡರೆ ಗಂಟೆಗೆ 72 ರೂಪಾಯಿ. ಹೊಸ ಸಿಸ್ಟಮ್ ದಿನಕ್ಕೆ 20 ನಿಮಿಷ ಉಳಿಸಿದರೆ 24 ರೂಪಾಯಿ, ತಿಂಗಳಿಗೆ 624. 55,000 ಸುರಿದರೆ ಅಸಲು ಹುಟ್ಟಲು 88 ತಿಂಗಳು, ಅಂದರೆ ಏಳು ವರ್ಷದ ಮೇಲಾಯಿತು. ಅಷ್ಟರಲ್ಲಿ ಅದೂ ಸ್ಲೋ. ಇದನ್ನು ಬರೆದು ತೋರಿಸಿದರೆ ಮಾಲೀಕರಿಗೆ ಪರಮಾನಂದ, ಆದರೆ ಲೆಕ್ಕ ಸುಳ್ಳು. ಕಂಪ್ಯೂಟರು ಒಂದು ಸೆಕೆಂಡಿನೊಳಗೆ ಓಗೊಟ್ಟರೆ ಯೋಚನೆಯ ಎಳೆ ಕಡಿಯುವುದಿಲ್ಲ, ಹತ್ತು ಸೆಕೆಂಡು ದಾಟಿದರೆ ಗಮನ ಬೇರೆಡೆಗೆ ಹೋಗುತ್ತದೆ ಎಂದು ಕಂಪ್ಯೂಟರ್ ಬಳಕೆಯ ಅನುಕೂಲ ಅಧ್ಯಯನ ಮಾಡುವ ಜೇಕಬ್ ನೀಲ್ಸನ್ 1993ರಲ್ಲೇ ಬರೆದಿದ್ದಾರೆ. ಎಲ್ಲಿಗೆ ಹೋಗುತ್ತದೆ ಎಂದು ಕೇಳಬೇಕೆ? ಮೊಬೈಲಿಗೆ. ಅರ್ಧ ನಿಮಿಷದ ಉಂಗುರ ಐದು ನಿಮಿಷದ ರೀಲ್ಸ್ ಆಗಿ ಬೆಳೆಯುತ್ತದೆ. ಸಂಬಳದ ಲೆಕ್ಕದಲ್ಲಿ ಆ ಬಾಬ್ತಿಗೆ ಕಾಲಮ್ಮೇ ಇಲ್ಲ.

ದುಡ್ಡು ಬಿಚ್ಚುವ ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ನೋಡಬೇಕು; ಅದೂ ಉಂಗುರ ಸುತ್ತುತ್ತಿರುವಾಗಲೇ, ಆಮೇಲಲ್ಲ. ಸಿಪಿಯು ಶೇಕಡಾ ಹತ್ತು ಹದಿನೈದರಲ್ಲಿ ತೂಕಡಿಸುತ್ತ ಡಿಸ್ಕ್ ಮಾತ್ರ 100ಕ್ಕೆ ಅಂಟಿಕೊಂಡಿದ್ದರೆ ರೋಗ ಹಾರ್ಡ್‌ಡಿಸ್ಕಿನದು. ನಿಮಿಷಕ್ಕೆ 7,200 ಸುತ್ತು ಹೊಡೆಯುವ ತಟ್ಟೆಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿನ ಮೇಲೆ ಬೇಕು. ಅಲ್ಲಲ್ಲಿ ಚೆದುರಿದ ಚೂರುಗಳನ್ನು ಸೆಕೆಂಡಿಗೆ ನೂರರ ಆಸುಪಾಸು ಹೆಕ್ಕಿದರೆ ಅದೇ ಹೆಚ್ಚು. ಅದರ ಜಾಗಕ್ಕೆ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಂದರೆ ಅದೇ ಹಳೇ ಡಬ್ಬ ಎದ್ದು ಕೂರುತ್ತದೆ. ಮೂರು ಸಾವಿರ ಬಿದ್ದರೂ ಮೇಲಿನ ಸುಳ್ಳು ಲೆಕ್ಕದಲ್ಲೇ ಐದು ತಿಂಗಳಿಗೆ ದುಡ್ಡು ವಾಪಸು. ಮೆಮೊರಿ 90 ದಾಟಿದ್ದರೆ ರ್‍ಯಾಮ್ ಹಾಕಿಸಿ. ಹಳೇ ತಲೆಮಾರಿನ ಡಿಡಿಆರ್3 ಬೋರ್ಡಿಗೆ ಹೊಸ ಡಿಡಿಆರ್4 ಕೂರುವುದಿಲ್ಲ, ಕಚ್ಚೇ ಬೇರೆ ಕಡೆಗಿದೆ, ಒತ್ತಿ ಕೂರಿಸಲು ಹೋಗಿ ಸ್ಲಾಟ್ ಮುರಿಯಬೇಡಿ. ಇನ್ನು ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7.0 ಬಂದದ್ದು 2001ರಲ್ಲಿ. ಅದಕ್ಕೆ ಹನ್ನೆರಡು ಕೋರ್ (ಪ್ರೊಸೆಸರಿನೊಳಗಿನ ಕೆಲಸಗಾರರು) ಕೊಟ್ಟರೆ ಹನ್ನೊಂದು ಕೂತು ನೋಡುತ್ತವೆ.

ಧೂಳಿನ ಮಾತು ಬಂದರೆ ಮಾತ್ರ ನನಗೆ ತಡೆಯಲಾಗುವುದಿಲ್ಲ. ಈ ಊರಿನ ಧೂಳು ಬರೀ ಧೂಳಲ್ಲ, ಅದರಲ್ಲಿ ಮಂಡಕ್ಕಿ ಭಟ್ಟಿಯ ಮಸಿ ಇದೆ, ಅಕ್ಕಿ ಗಿರಣಿಯ ತೌಡಿದೆ, ಎಂದೂ ಮುಗಿಯದ ರಸ್ತೆ ಕಾಮಗಾರಿಯ ಮಣ್ಣಿದೆ. ಸಾಲದ್ದಕ್ಕೆ ಆಯುಧಪೂಜೆ. ಕ್ಯಾಬಿನೆಟ್ಟಿನ ಹೊರಮೈ ಒರೆಸಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಗಾಳಿ ಒಳಗೆಳೆಯುವ ಜಾಲರಿಗೇ ಕುಂಕುಮ ಮೆತ್ತಿ, ಮೇಲೊಂದು ಚೆಂಡುಹೂವಿನ ಹಾರ. ವರ್ಷಕ್ಕೊಮ್ಮೆ ಸಿಗುವ ಉಪಚಾರ ಅಷ್ಟೇ. ಪಕ್ಕದ ತಗಡು ಬಿಚ್ಚಿ ಒಳಗೆ ಇಣುಕುವವರಿಲ್ಲ. ಬಿಚ್ಚಿದರೆ ಪ್ರೊಸೆಸರಿನ ಬಿಸಿ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಬೂದುಬಣ್ಣದ ಕಂಬಳಿ. ಪ್ರೊಸೆಸರು ನೂರು ಡಿಗ್ರಿಯ ಹತ್ತಿರ ಹೋಗಿ, ಸುಟ್ಟುಹೋಗಬಾರದೆಂದು ತಾನೇ ನಿಧಾನವಾಗುತ್ತದೆ. ಅದನ್ನೇ ನಾವು ವಯಸ್ಸಾಯಿತು ಅನ್ನುತ್ತೇವೆ. ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡು ಒತ್ತಿಹಿಡಿದು ಉಳಿದ ಕರೆಂಟು ಇಳಿಸಬೇಕು. ಬ್ಲೋವರ್ ಬಿಡುವಾಗ ಫ್ಯಾನಿನ ರೆಕ್ಕೆಗೆ ಬೆರಳು ಅಡ್ಡ ಇಡಬೇಕು, ಇಲ್ಲದಿದ್ದರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳು. ಇಂಟೆಲ್ ಜೊತೆ ಬರುವ ಕೂಲರಾದರೆ ನಾಲ್ಕು ಪಿನ್ನಿನ ತಲೆಯನ್ನು ಬಾಣದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ ಮೇಲೆಳೆಯಿರಿ. ಕೆಳಗೆ ಬಿಸಿ ದಾಟಿಸುವ ಪೇಸ್ಟ್ ಒಣಗಿ ಸುಣ್ಣವಾಗಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಹೊಸದನ್ನು ಬಟಾಣಿ ಕಾಳಿನಷ್ಟು ಇಟ್ಟು, ತಲೆಗಳನ್ನು ಮೊದಲಿನ ದಿಕ್ಕಿಗೆ ತಂದು, ಎದುರುಬದುರು ಪಿನ್ನುಗಳನ್ನು ಟಕ್ ಅನ್ನುವವರೆಗೆ ಒತ್ತಬೇಕು. ಒಂದೇ ಒಂದು ಪಿನ್ನು ಕೂರದಿದ್ದರೂ ಕೂಲರ್ ಓರೆಯಾಗಿ ಬಿಸಿ ಮತ್ತೆ ಏರುತ್ತದೆ. ಹುಡುಗರು ಪೇಸ್ಟನ್ನು ಬೆಣ್ಣೆದೋಸೆಗೆ ಬೆಣ್ಣೆ ಹಾಕಿದಂತೆ ಹಾಕುತ್ತಾರೆ, ಅದು ಅಂಚಿನಿಂದ ಇಳಿದು ಸಾಕೆಟ್ಟಿಗೆ ಸೇರುತ್ತದೆ. ಬೈದರೆ ಜಾಸ್ತಿ ಹಾಕಿದ್ರೆ ಒಳ್ಳೇದಲ್ವ ಅಣ್ಣಾ ಅಂತ ನಮಗೇ ಕೇಳುತ್ತಾರೆ.

ಸೆಕೆಂಡ್ ಹ್ಯಾಂಡ್ ಸಿಸ್ಟಮ್ ಮೇಲೆ ಇಂಟೆಲ್ ಪ್ರೊಸೆಸರಿನ 'ಐ7' ಸ್ಟಿಕ್ಕರ್ ಹಚ್ಚಿ ಮಾರುವವರನ್ನು ಕಂಡರೆ ಮೈ ಉರಿಯುತ್ತದೆ. ಯಾವ ಜನರೇಷನ್ ಎಂದು ಕೇಳಿದರೆ 'ಐ7 ಐತಲ್ಲ ಸಾರ್' ಅನ್ನುತ್ತಾರೆ, ಅದೇ ಉತ್ತರವೆಂಬಂತೆ. 2013ರ ಐ7-4770ಕ್ಕೂ 2022ರ ಐ3-12100ಕ್ಕೂ ಕೋರ್ ನಾಲ್ಕೇ, ಒಟ್ಟಿಗೆ ನಡೆಸುವ ಕೆಲಸದ ಎಳೆ ಅಂದರೆ ಥ್ರೆಡ್ ಎಂಟೇ. ಓಟದಲ್ಲಿ ಮಾತ್ರ ಆ ಬಡಪಾಯಿ ಐ3 ಎಷ್ಟೋ ಮುಂದೆ. ಮೇಲಾಗಿ ಆ ಹಳೇ ಐ7 ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಅಂದರೆ ಮಾಮೂಲಿ ಸುರಕ್ಷತಾ ಅಪ್‌ಡೇಟು ನಿಂತಿದೆ. ಬ್ಯಾಂಕು, ಜಿಎಸ್‌ಟಿ ಎಲ್ಲ ಅದರಲ್ಲೇ ನಡೆಸುವವರು ಸ್ಪೀಡಿನ ಮಾತು ಬಿಟ್ಟು ಈ ಒಂದೇ ಕಾರಣಕ್ಕೆ ಬದಲಾಯಿಸಬೇಕು.

ಅಂದಹಾಗೆ ಪ್ರತಿ ತಿಂಗಳ 20ನೇ ತಾರೀಖು, ಕೊನೇ ದಿನ, ತಿಂಗಳ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಹಾಕುವಾಗ ಸುತ್ತುವ ಉಂಗುರಕ್ಕೂ ನಿಮ್ಮ ಕಂಪ್ಯೂಟರಿಗೂ ಸಂಬಂಧವಿಲ್ಲ, ಅವತ್ತು ಎಲ್ಲರೂ ಪೋರ್ಟಲ್ಲಿಗೆ ಮುತ್ತಿರುತ್ತಾರೆ. ಲಕ್ಷ ಕೊಟ್ಟು ತಂದರೂ ಅದು ಹಾಗೇ ಸುತ್ತುತ್ತದೆ. ಹದಿನೆಂಟಕ್ಕೇ ಹಾಕಿ.

ಇಷ್ಟೆಲ್ಲ ಅಳೆದು ಸುರಿದು ಕೊನೆಗೆ ಹೊಸದು ಬಂತು ಅನ್ನಿ. 16 ಜಿಬಿ ರ್‍ಯಾಮ್, ಎನ್‌ವಿಎಂಇ ಅನ್ನುವ ವೇಗದ ಡಿಸ್ಕು. ಅದು ಇಳಿಯುವುದು ಮಾಲೀಕರ ಕ್ಯಾಬಿನ್ನಿನಲ್ಲಿ. ಅವರು ಅದರಲ್ಲಿ ಲೆಕ್ಕ ಬರೆಯುವ ಟ್ಯಾಲಿ ತೆಗೆದು, ಪಕ್ಕದಲ್ಲಿ ಸಿಸಿಟಿವಿ ಹಚ್ಚಿ ಆಪರೇಟರ್ ಕೆಲಸ ಮಾಡುತ್ತಿದ್ದಾನೋ ಇಲ್ಲವೋ ನೋಡುತ್ತಾರೆ. 300 ಎಂಬಿಯ ಫ್ಲೆಕ್ಸ್ ಫೈಲು ತೆರೆಯಬೇಕಾದ ಆಪರೇಟರಿಗೆ ದಕ್ಕುವುದು ಮಾಲೀಕರು ಬಿಟ್ಟುಕೊಟ್ಟ 4 ಜಿಬಿಯದು. ಅದಕ್ಕಿನ್ನೊಂದು 8 ಜಿಬಿ ಹಾಕಿಸಿಕೊಡಿ ಯಜಮಾನ್ರೇ ಅಂದರೆ, 'ಈಗ ತಾನೇ ಹೊಸ ಸಿಸ್ಟಮ್ ತಂದೀನಲ್ಲೋ' ಅನ್ನುತ್ತಾರೆ.